ಕಾರವಾರಕ್ಕೆ ಇಳಿಯದ ರೈಲು

ಹುಬ್ಬಳ್ಳಿಯ ಓದುಗರೊಬ್ಬರು ಬೇಸರದಿಂದ ಪತ್ರ ಬರೆದಿದ್ದಾರೆ: "ನಮಗೆ ಇಷ್ಟುದ್ದ ಕರಾವಳಿ ಇದೆ, ರಾಜ್ಯ ಸರ್ಕಾರದ್ದೇ ಬಂದರುಗಳಿವೆ. ಆದರೂ ನಮ್ಮ ಕಡೆಯ ಸರಕು ಗೋವಾಕ್ಕೆ ಹೋಗುತ್ತದೆ. ಈ ಬಂದರುಗಳಿಂದ ನಮಗೇನು ಸಿಕ್ಕಿತು? ಖಾಸಗಿಯವರಿಗೆ ಕೊಟ್ಟುಬಿಡಬಾರದೇಕೆ?"

ನಿಮ್ಮ ಬೇಸರ ನನಗೂ ಇದೆ. ಆದರೆ ಮೊದಲು ಒಂದು ಗೊಂದಲ ಬಿಡಿಸೋಣ. ಪಣಂಬೂರಿನ ನವಮಂಗಳೂರು ಬಂದರು ಕೇಂದ್ರದ್ದು. 1974ರಲ್ಲಿ ಅದನ್ನು ಪ್ರಮುಖ ಬಂದರು ಎಂದು ಘೋಷಿಸಿದರು. ಕಾರವಾರ, ಬೇಲೆಕೇರಿ, ತದಡಿ, ಹೊನ್ನಾವರ, ಭಟ್ಕಳ, ಕುಂದಾಪುರ, ಮಲ್ಪೆ, ಹಳೇ ಮಂಗಳೂರು ಇವೆಲ್ಲ ರಾಜ್ಯದ ಪಾಲಿನವು. ಇವನ್ನು 'ಕಿರು ಬಂದರು' ಅಂತಾರೆ. ಹಾಗಂದರೆ ಚಿಕ್ಕದು ಅಂತಲ್ಲ, ಅದು ಕಾನೂನಿನ ಮಾತು. ದೇಶದ ಅತಿ ದೊಡ್ಡ ಬಂದರುಗಳಲ್ಲಿ ಒಂದಾದ ಗುಜರಾತಿನ ಮುಂದ್ರಾ ಕೂಡ ಕಾಗದದ ಮೇಲೆ ಪ್ರಮುಖ ಬಂದರಲ್ಲ. ಗುಜರಾತ್ ತನ್ನ ಬಂದರುಗಳಿಗೆ 1982ರಲ್ಲೇ ಪ್ರತ್ಯೇಕ ಮಂಡಳಿ ಮಾಡಿಕೊಂಡಿತು. ನಮ್ಮ ಕಡಲ ಮಂಡಳಿಯ ಕಾಯ್ದೆ 2015ರದ್ದು. ಮೂರು ದಶಕ ತಡ, ಅದಂತೂ ನಿಜ.

ಆದರೆ ಕಾರವಾರ ಸೋತಿದ್ದು ಬರೀ ಮಂಡಳಿ ಇಲ್ಲದೆ ಅಲ್ಲ. ಅದು ನಿಮ್ಮ ಊರಿನ ಹತ್ತಿಯ ಕಥೆ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಿಗದಾಯಿತು. ಅವರ ಕಣ್ಣು ಧಾರವಾಡದ ಕಡೆ ತಿರುಗಿತು. ಅಲ್ಲಿಯ ಹತ್ತಿ ಎತ್ತಿನ ಗಾಡಿಯಲ್ಲಿ ಘಟ್ಟ ಇಳಿದು ಕುಮಟಾದಿಂದ ಹಡಗು ಹತ್ತುತ್ತಿತ್ತು. ಅದಕ್ಕೇ ಪೇಟೆಯಲ್ಲಿ ಅದರ ಹೆಸರು 'ಕುಮಟಾ ಹತ್ತಿ'. ಬೆಳೆದ ಊರಿನ ಹೆಸರಲ್ಲ, ಹಡಗು ಹತ್ತಿದ ಊರಿನ ಹೆಸರು! ಕಾರವಾರದ ಕೊಲ್ಲಿ ಕುಮಟಾಕ್ಕಿಂತ ಆಳ, ಗುಡ್ಡ-ದ್ವೀಪಗಳ ಮರೆಯೂ ಇದೆ. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ತೆಗೆದು ಮುಂಬೈ ಪ್ರಾಂತ್ಯಕ್ಕೆ ಸೇರಿಸಿದರು. ಕಾರವಾರವನ್ನು ಹತ್ತಿಯ ಬಂದರು ಮಾಡಬೇಕು ಅನ್ನೋದು ಅದರ ಒಂದು ಮುಖ್ಯ ಕಾರಣ. 1864ರಲ್ಲಿ ದೇವಗಡ ದ್ವೀಪದ ಮೇಲೆ ದೀಪಸ್ತಂಭವೂ ಎದ್ದಿತು. ದೀಪ ಬಂತು, ರೈಲು ಬರಲಿಲ್ಲ. 1880ರ ದಶಕದಲ್ಲಿ ಹಳಿ ಇಳಿದದ್ದು ಕ್ಯಾಸಲ್‌ರಾಕ್ ಮೂಲಕ, ಪೋರ್ಚುಗೀಸರ ಮುರ್ಮುಗೋವಾಕ್ಕೆ. ಹತ್ತಿಯೂ ಅದೇ ದಾರಿ ಹಿಡಿಯಿತು.

ಇವತ್ತಿಗೂ ದಾರಿ ಅದೇ. ತೋರಣಗಲ್ಲಿನ ಉಕ್ಕಿನ ಕುಲುಮೆಗೆ ಕಲ್ಲಿದ್ದಲು ಮುರ್ಮುಗೋವಾದಿಂದ ರೈಲಿನಲ್ಲಿ ಬರುತ್ತದೆ. ಕಾರವಾರದ ಧಕ್ಕೆಗೆ ಡಾಂಬರಿನ ಹಡಗು ಬರುತ್ತದೆ, ಸರಕು ಟ್ಯಾಂಕರ್ ಲಾರಿಗಳಲ್ಲಿ ಘಟ್ಟ ಹತ್ತುತ್ತದೆ. ಹುಬ್ಬಳ್ಳಿ–ಅಂಕೋಲಾ ರೈಲು ದಶಕಗಳಿಂದ ಕಾಗದದಲ್ಲೇ ಇದೆ. ಆ ಹಳಿಯ ದಾರಿಯಲ್ಲಿ ಬೀಳುವ ಘಟ್ಟದ ಕಾಡಿನ ಬಗ್ಗೆ ಎದ್ದ ಆತಂಕ ಸುಮ್ನೆ ಹುಟ್ಟಿದ್ದಲ್ಲ, ಅದನ್ನೂ ಹೇಳಬೇಕು.

ಖಾಸಗಿಯವರಿಗೆ ಕೊಡುವ ಮಾತಿಗೆ ಬೇಲೆಕೇರಿಯನ್ನು ನೆನಪಿಸುತ್ತೇನೆ. ಕಬ್ಬಿಣದ ಅದಿರಿನ ರಫ್ತು ಜೋರಾಗಿದ್ದ ವರ್ಷಗಳಲ್ಲಿ ಬಳ್ಳಾರಿ ಕಡೆಯ ಲಾರಿಗಳು ಅರಬೈಲ್ ಘಟ್ಟದಲ್ಲಿ ಸಾಲುಗಟ್ಟಿ ಇಳಿಯುತ್ತಿದ್ದವು. ರಸ್ತೆಬದಿಯ ಎಲೆಗಳ ಮೇಲೆ ಕೆಂಪು ಧೂಳು ಎಷ್ಟು ದಪ್ಪ ಕೂತಿತ್ತು ಅಂದರೆ, ಬೆರಳಲ್ಲಿ ಗೀರಿದರಷ್ಟೇ ಹಸಿರು ಕಾಣುತ್ತಿತ್ತು. ಅದಿರು ರಾಶಿ ಹಾಕುವ ಜಾಗ ಖಾಸಗಿಯವರ ಕೈಯಲ್ಲೇ ಇತ್ತು. 2010ರಲ್ಲಿ ಅಕ್ರಮವೆಂದು ಜಪ್ತಿ ಮಾಡಿಟ್ಟ ಲಕ್ಷಗಟ್ಟಲೆ ಟನ್ ಅದಿರೇ ಹಡಗು ಹತ್ತಿ ಹೋಯಿತು. ಆ ಜುಲೈನಲ್ಲಿ ಸರ್ಕಾರ ಕಿರು ಬಂದರುಗಳಿಂದ ಅದಿರು ರಫ್ತನ್ನೇ ನಿಲ್ಲಿಸಿತು. ವ್ಯಾಪಾರ ಖಾಸಗಿಯವರದ್ದು, ಕಾವಲು ಸರ್ಕಾರದ್ದು. ಕಾವಲೇ ಕೈಕೊಟ್ಟ ಮೇಲೆ ಧಕ್ಕೆ ಯಾರದ್ದಾದರೇನು ಅಲ್ವಾ?

ಏನು ಸಿಕ್ಕಿತು ಅಂತ ಕೇಳಿದಿರಿ. ಒಮ್ಮೆ ಮಂಗಳೂರಿನ ಹಳೇ ಬಂದರಿಗೆ ಹೋಗಿ ನೋಡಿ. ಹಂಚಿನ ಕಾರ್ಖಾನೆಗಳ ಕಾಲದಲ್ಲಿ ಮಂಗಳೂರು ಹಂಚು ಹಡಗು ಹತ್ತಿದ್ದು ಇಲ್ಲೇ. ಈಗ ಮಂಜಿಗಳು, ಅಂದರೆ ಸರಕು ಸಾಗಿಸುವ ಮರದ ಹಡಗುಗಳು, ಲಕ್ಷದ್ವೀಪಕ್ಕೆ ಹೊರಡುತ್ತವೆ. ನಾನು ಹೋದಾಗ ಧಕ್ಕೆಗೂ ಮಂಜಿಗೂ ನಡುವೆ ಒಂದೇ ಒಂದು ಹಲಗೆ. ಅದರ ಮೇಲೆ ತಲೆಹೊರೆಯಲ್ಲಿ ಸಿಮೆಂಟ್ ಚೀಲ, ಈರುಳ್ಳಿ, ಅಕ್ಕಿ ಹೋಗುತ್ತಿದ್ದವು. ಅಲೆ ಬಂದಾಗ ಹಲಗೆ ಏಳುತ್ತಿತ್ತು, ಹೊತ್ತವರು ಒಂದು ಕ್ಷಣ ನಿಂತು ಮತ್ತೆ ಹೆಜ್ಜೆ ಹಾಕುತ್ತಿದ್ದರು. ಆ ದ್ವೀಪಗಳಲ್ಲಿ ಮನೆ ಏಳುವುದು ಈ ಸಿಮೆಂಟಿನಿಂದ. ಮಳೆಗಾಲದಲ್ಲಿ ಈ ಓಡಾಟ ನಿಲ್ಲುತ್ತದೆ, ಅಳಿವೆಯಲ್ಲಿ ಹೂಳು ತುಂಬುತ್ತದೆ. ಹೂಳು ತೆಗೆಯುವ ಖರ್ಚು ಜಾಸ್ತಿ, ಬರುವ ಸುಂಕ ಕಮ್ಮಿ. ಲಾಭವನ್ನಷ್ಟೇ ನೋಡುವವರು ಇದನ್ನು ಎಷ್ಟು ದಿನ ನಡೆಸಿಯಾರು?

ಹಾಗಂತ ಸರ್ಕಾರ ಮಾಡಿದ್ದೆಲ್ಲ ಸರಿ ಅನ್ನಲಾರೆ. 2020ರ ಜನವರಿಯಲ್ಲಿ ಕಾರವಾರದ ಬಂದರು ವಿಸ್ತರಣೆಯನ್ನು ವಿರೋಧಿಸಿ ಮೀನುಗಾರರು ಬೀದಿಗಿಳಿದರು. ಊರಿಗೆ ಉಳಿದಿರುವ ಟ್ಯಾಗೋರ್ ಕಡಲತೀರಕ್ಕೇ ಅಲೆತಡೆ ಕಟ್ಟಲು ಹೊರಟರೆ ಅವರು ದೋಣಿ ಎಳೆಯುವುದೆಲ್ಲಿ? ಬಲೆ ಒಣಗಿಸುವುದೆಲ್ಲಿ? ಧಕ್ಕೆ ಉದ್ದ ಮಾಡುವ ಮೊದಲು ಅವರ ಜೊತೆ ಕೂತು ಮಾತಾಡಬೇಕಿತ್ತು. ಹಡಗು ಜಾಸ್ತಿ ಬಂದರೂ ಸರಕು ಘಟ್ಟ ಹತ್ತಬೇಕಾದದ್ದು ಅದೇ ಲಾರಿ ರಸ್ತೆಯಲ್ಲಿ ತಾನೇ? ನಿಮ್ಮ ಊರಿಂದ ಕೇಳಬೇಕಾದ ಪ್ರಶ್ನೆ ಇದು. ನಿಮ್ಮ ವಾಣಿಜ್ಯೋದ್ಯಮಿಗಳು ಏನಂತಾರೆ ಅಂತ ವಿಚಾರಿಸಿ ಬರೆಯಿರಿ, ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.

— ಸಂಪಾದಕ