ಮ್ಯೂಸಿಯಂನಲ್ಲಿ ಕಂಡ ಕ್ಲೌಡ್ ಚೇಂಬರ್ ನಮ್ಮ ಶಾಲೆಯಲ್ಲಿ ಮಾಡಬಹುದೇ?

ಮೇಷ್ಟ್ರೇ, ಅಣುವಿಜ್ಞಾನದ ಮ್ಯೂಸಿಯಂನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಬಿಳಿ ಗೆರೆಗಳು ಮೂಡಿ ಮಾಯವಾಗುವುದನ್ನು ನೋಡಿ ಬಂದಿದ್ದೀರಿ. ಅದೇ ಕ್ಲೌಡ್ ಚೇಂಬರ್; ಕಣ್ಣಿಗೆ ಕಾಣದ ವಿಕಿರಣದ ಕಣಗಳು ಹಾದುಹೋದ ಜಾಡೇ ಆ ಗೆರೆಗಳು. ಅದನ್ನೇ ತೀರ್ಥಹಳ್ಳಿಯ ನಿಮ್ಮ ಹೈಸ್ಕೂಲಿನ ವಸ್ತುಪ್ರದರ್ಶನಕ್ಕೆ ಮಾಡಬಹುದೇ ಅಂತ ಕೇಳಿದ್ದೀರಿ. ಖಂಡಿತ ಮಾಡಬಹುದು. ಮ್ಯೂಸಿಯಂನದಕ್ಕೆ ತಳವನ್ನು ತಣ್ಣಗಿಡುವ ಯಂತ್ರ ಇರುತ್ತದೆ, ಹಾಗಾಗಿ ದಿನವಿಡೀ ನಡೆಯುತ್ತದೆ. ನಿಮ್ಮದು ಡ್ರೈ ಐಸ್ (ಗಟ್ಟಿಯಾಗಿಸಿದ ಕಾರ್ಬನ್ ಡೈಆಕ್ಸೈಡ್) ಇರುವಷ್ಟು ಹೊತ್ತು.

ಮಕ್ಕಳಿಗೆ ಆಗುಂಬೆಯ ಮಂಜಿನಿಂದಲೇ ಶುರು ಮಾಡಿ. ಆವಿ ಹನಿಯಾಗಲು ಕೂರುವುದಕ್ಕೊಂದು ಜಾಗ ಬೇಕು. ಬೆಟ್ಟದ ಮೇಲೆ ಅದು ಧೂಳಿನ ಕಣ. ಭೌತವಿಜ್ಞಾನಿ ಸಿ.ಟಿ.ಆರ್. ವಿಲ್ಸನ್ 1894ರಲ್ಲಿ ಸ್ಕಾಟ್ಲೆಂಡಿನ ಬೆನ್ ನೆವಿಸ್ ಬೆಟ್ಟದಲ್ಲಿ ಕಂಡ ಮೋಡಗಳನ್ನು ಪ್ರಯೋಗಾಲಯದಲ್ಲಿ ಮಾಡಲು ಹೊರಟು, ವಿದ್ಯುದಾವೇಶದ ಕಣದ ದಾರಿಯಲ್ಲೂ ಹನಿ ಕಟ್ಟುತ್ತದೆ ಅಂತ ತೋರಿಸಿದರು. 1927ರ ನೊಬೆಲ್ ಅದಕ್ಕೇ ಬಂತು.

ಸುಮಾರು 30 ಸೆಂ.ಮೀ. ಉದ್ದ, 20 ಅಗಲ, 15–20 ಎತ್ತರದ ಗಾಜಿನ ಮೀನಿನ ತೊಟ್ಟಿ ಬೇಕು. ಅಕ್ರಿಲಿಕ್ ಬೇಡ, ಆಲ್ಕೊಹಾಲ್ ತಾಗಿ ಬಿರುಕು ಬಿಡುತ್ತದೆ. ತೊಟ್ಟಿಯನ್ನು ಕವುಚಿದಾಗ ಮೇಲೆ ಬರುವ ಮುಖಕ್ಕೆ ಒಳಗಿನಿಂದ ದಪ್ಪ ಫೆಲ್ಟ್ ಬಟ್ಟೆ ಹಾಕಿ, ಗಾಜಿನ ಎರಡೂ ಕಡೆ ಅಯಸ್ಕಾಂತ ಇಟ್ಟು ಹಿಡಿಸಿ; ಅಂಟು ನಿಲ್ಲುವುದಿಲ್ಲ. ಫೆಲ್ಟಿಗೆ 99% ಐಸೊಪ್ರೊಪೈಲ್ ಆಲ್ಕೊಹಾಲ್ 30 ಮಿ.ಲೀ. ಕುಡಿಸಿ. ಕೆಳಗೆ 2–3 ಮಿ.ಮೀ. ಅಲ್ಯುಮಿನಿಯಂ ತಗಡು, ಅದರ ಮೇಲ್ಮೈಗೆ ಕರಿ ಇನ್ಸುಲೇಷನ್ ಟೇಪ್. ತೊಟ್ಟಿಯನ್ನು ತಗಡಿನ ಮೇಲೆ ಕವುಚಿ, ಅಂಚಿನ ಸುತ್ತ ಮಕ್ಕಳು ಆಡುವ ಕ್ಲೇ ಮೆತ್ತಿ, ತಗಡನ್ನು ಥರ್ಮಾಕೋಲ್ ತಟ್ಟೆಯಲ್ಲಿ ಹರಡಿದ ಡ್ರೈ ಐಸ್ ಮೇಲೆ ಕೂರಿಸಿ.

ಮುಕ್ಕಾಲು ಪಾಲು ಕೆಡುವುದು ಇಲ್ಲೇ. ಡ್ರೈ ಐಸ್ ಗಟ್ಟಿಯಾಗಿದ್ದರೆ ತಗಡು ನಾಲ್ಕಾರು ಕಡೆ ಮಾತ್ರ ತಾಗುತ್ತದೆ, ಉಳಿದ ಕಡೆ ಬೇಕಾದಷ್ಟು ತಣ್ಣಗಾಗುವುದಿಲ್ಲ. ಗೋಣಿಚೀಲದಲ್ಲಿ ಸುತ್ತಿ ಸುತ್ತಿಗೆಯಿಂದ ಪುಡಿ ಮಾಡಿ, ಮಟ್ಟವಾಗಿ ಹರಡಿ. ಎರಡನೆಯ ತಪ್ಪು ಸ್ಯಾನಿಟೈಸರ್ ತರಹದ 70% ಆಲ್ಕೊಹಾಲ್; ಅದರಲ್ಲಿರುವ ನೀರು ತಗಡಿನ ಮೇಲೆ ಬಿಳಿ ಹಿಮವಾಗಿ ಕೂತು ಕರಿ ಹಿನ್ನೆಲೆಯನ್ನೇ ಮುಚ್ಚುತ್ತದೆ. ಕ್ಲೇಯಲ್ಲಿ ಸಂದಿಯಿದ್ದರೂ ಹಾಗೇ, ಅದೂ ನಮ್ಮ ಮಳೆಗಾಲದ ಗಾಳಿಯಲ್ಲಿ ಬಲು ಬೇಗ. ಡಿಸೆಂಬರ್–ಫೆಬ್ರವರಿಯಲ್ಲಿ ಇಟ್ಟುಕೊಳ್ಳಿ.

ಮೊದಲ 10–15 ನಿಮಿಷ ಸುಮ್ಮನೆ ತುಂತುರು ಬೀಳುತ್ತಿರುತ್ತದೆ. ಒಳಗಿನ ಧೂಳು ಇಳಿಯುತ್ತಿದೆ ಅಂತ ಅರ್ಥ, ತೊಟ್ಟಿ ಎತ್ತಬೇಡಿ. ಆಮೇಲೆ ಕೋಣೆ ಕತ್ತಲೆ ಮಾಡಿ, ಎಲ್‌ಇಡಿ ಟಾರ್ಚನ್ನು ತಗಡಿನ ಮಟ್ಟಕ್ಕೇ ಪಕ್ಕದಿಂದ ಹಿಡಿಯಿರಿ. ಫೆಲ್ಟಿನಿಂದ ಇಳಿಯುವ ಆಲ್ಕೊಹಾಲ್ ಆವಿ ಹನಿ ಕಟ್ಟುವಷ್ಟು ತಣ್ಣಗಾಗುವುದು ತಗಡಿನ ಹತ್ತಿರವೇ; ಹಾಗಾಗಿ ತಗಡಿನಿಂದ ಸುಮಾರು ಒಂದು ಸೆಂ.ಮೀ. ಎತ್ತರದೊಳಗೆ ಮಾತ್ರ ಗೆರೆ ಕಾಣುತ್ತದೆ, ಮೇಲೆ ಹುಡುಕಬೇಡಿ. ಏನೂ ಕಾಣದಿದ್ದರೆ ಪೆಟ್ಟಿಗೆಯ ನೆತ್ತಿಯ ಮೇಲೆ ಅಂಗೈ ಊರಿ. ಆ ಬಿಸಿಗೆ ಆಲ್ಕೊಹಾಲ್ ಇನ್ನಷ್ಟು ಆವಿಯಾಗುತ್ತದೆ.

ಗಿಡ್ಡ, ದಪ್ಪ, ನೆಟ್ಟಗಿನ ಗೆರೆ ವಿಕಿರಣದ ವಸ್ತುವಿನಿಂದ ಹೊಮ್ಮುವ ಆಲ್ಫಾ ಕಣ. ಅದರ ಶಕ್ತಿಯೆಲ್ಲ ಕೆಲವೇ ಸೆಂ.ಮೀ.ನಲ್ಲಿ ಖರ್ಚಾಗುತ್ತದೆ. ನೂಲಿನಂತೆ ಉದ್ದಕ್ಕೆ ನೆಟ್ಟಗೆ ಹೋಗುವುದು ಹೆಚ್ಚಾಗಿ ಆಕಾಶದಿಂದ ಬರುವ ಮ್ಯೂಯಾನ್ ಎಂಬ ಕಣ. ಅಂಕುಡೊಂಕಾಗಿ ತಿರುಗುವುದು ಎಲೆಕ್ಟ್ರಾನ್. ಸಮುದ್ರಮಟ್ಟದಲ್ಲಿ ಪ್ರತಿ ಚದರ ಸೆಂ.ಮೀ.ಗೆ ನಿಮಿಷಕ್ಕೆ ಸುಮಾರು ಒಂದು ಮ್ಯೂಯಾನ್ ಬೀಳುತ್ತಿರುತ್ತದೆ, ಹಾಗಾಗಿ ವಿಕಿರಣದ ವಸ್ತು ಇಡಲೇಬೇಕೆಂದಿಲ್ಲ. ಆಲ್ಫಾ ಹೆಚ್ಚು ಬೇಕೆಂದರೆ ಒಂದು ಬಲೂನನ್ನು ಉಣ್ಣೆ ಬಟ್ಟೆಗೆ ಉಜ್ಜಿ, ಮುಚ್ಚಿದ ಕೋಣೆಯಲ್ಲಿ ಅರ್ಧ ಗಂಟೆ ತೂಗುಹಾಕಿ. ಗಾಳಿಯಲ್ಲಿ ಸಹಜವಾಗಿರುವ ರೇಡಾನ್ ಎಂಬ ವಿಕಿರಣದ ಅನಿಲದಿಂದ ಹುಟ್ಟಿದ ಕಣಗಳು ಅಂಟಿಕೊಳ್ಳುತ್ತವೆ. ಗಾಳಿ ಬಿಟ್ಟು, ಆ ಬಲೂನನ್ನೇ ತಡಮಾಡದೆ ಒಳಗಿಡಿ. ತೇವದ ಗಾಳಿಯಲ್ಲಿ ಬಲೂನಿನ ಆವೇಶ ನಿಲ್ಲುವುದಿಲ್ಲ, ಇದಕ್ಕೂ ಒಣ ದಿನವೇ ಬೇಕು. ಹಳೇ ಪೆಟ್ರೋಮ್ಯಾಕ್ಸ್ ಮ್ಯಾಂಟಲ್‌ಗಳಲ್ಲಿ ಥೋರಿಯಂ ಎಂಬ ವಿಕಿರಣದ ವಸ್ತು ಇರುತ್ತಿತ್ತು, ಆದರೆ ಮುಟ್ಟಿದರೆ ಪುಡಿಯಾಗುವ ವಸ್ತುವನ್ನು ಮಕ್ಕಳ ಕೈಗೆ ಕೊಡುವುದು ಬೇಡವೆಂದೇ ನನ್ನ ಸಲಹೆ.

ಡ್ರೈ ಐಸ್ 3 ಕೆ.ಜಿ. ಬೇಕು. ಬೆಂಗಳೂರಿನಿಂದ ತರಿಸುವುದಾದರೆ ದಾರಿಯಲ್ಲೇ ಅನಿಲವಾಗಿ ಹೋಗುವ ಲೆಕ್ಕ ಹಿಡಿದು ದುಪ್ಪಟ್ಟು ತರಿಸಿ. ಡಬ್ಬಿಯ ಮುಚ್ಚಳ ಬಿಗಿಯಬೇಡಿ, ಒಡೆದೀತು. ಕಾರಿನ ಕಿಟಕಿ ತೆರೆದೇ ಇರಲಿ. ಅದು −78 ಡಿಗ್ರಿ, ಚರ್ಮದ ಗ್ಲೌಸ್ ಇಲ್ಲದೆ ಯಾರೂ ಮುಟ್ಟಬಾರದು. ಆಲ್ಕೊಹಾಲ್ ಇರುವ ಕೋಣೆಯಲ್ಲಿ ದೀಪ, ಊದುಬತ್ತಿ ಹಚ್ಚಬೇಡಿ, ಉದ್ಘಾಟನೆಯ ದೀಪವನ್ನೂ ಹೊರಗಿನ ಜಗಲಿಯಲ್ಲೇ ಬೆಳಗಿಸಿ.