ಸ್ಟ್ರಾ ಪೋಲ್: ಟಿಕೆಟ್ ದುಡ್ಡಿದ್ದರೆ ಸಾಕಾ?

"2011ರಲ್ಲಿ ಅಮೆರಿಕದ ಅಯೋವಾ ರಾಜ್ಯದ ಏಮ್ಸ್ ಊರಿನ ಸ್ಟ್ರಾ ಪೋಲ್ ಅನ್ನೋ ಅಣಕು ಮತದಾನದಲ್ಲಿ, ಅಧ್ಯಕ್ಷ ಪದವಿಯ ಆಕಾಂಕ್ಷಿ ರಾನ್ ಪಾಲ್ ಎರಡನೇ ಸ್ಥಾನಕ್ಕೆ ಬಂದಿದ್ದು ದುಡ್ಡಿನಿಂದಲೋ, ಬೆಂಬಲಿಗರಿಂದಲೋ?" ಅಂತ ಕೇಳಿದ್ದೀರಿ. ಎರಡೂ ಹೌದು, ಆದರೆ ಜನರ ಪಾಲು ದೊಡ್ಡದು ಅನ್ನೋದು ನನ್ನ ಅಭಿಪ್ರಾಯ.

ಮೊದಲು ಗೊತ್ತಿರಬೇಕಾದದ್ದು, ಅದು ನಿಜವಾದ ಚುನಾವಣೆಯೇ ಅಲ್ಲ, ಅಲ್ಲಿನ ರಿಪಬ್ಲಿಕನ್ ಪಕ್ಷ ನಿಧಿ ಕೂಡಿಸಲು ನಡೆಸುತ್ತಿದ್ದ ಜಾತ್ರೆ. 2011ರಲ್ಲಿ ಓಟು ಹಾಕಲು 30 ಡಾಲರ್ ಟಿಕೆಟ್ ಇತ್ತು. ಅಭ್ಯರ್ಥಿಗಳೇ ಟಿಕೆಟ್ ಕೊಂಡು ಹಂಚುತ್ತಿದ್ದರು, ಬಸ್ಸು, ಊಟ ಎಲ್ಲ ಅವರದೇ. (ನಮ್ಮ ಸಮಾವೇಶಗಳು ನೆನಪಾದರೆ ತಪ್ಪಿಲ್ಲ!) ಆದರೆ ಓಟು ಅಯೋವಾದವರಿಗೆ ಮಾತ್ರ. ಹಾಗಾಗಿ ಹೊರರಾಜ್ಯದ ಅಭಿಮಾನಿ ಎಷ್ಟೇ ಹಾರಾಡಿದರೂ, ಕೊನೆಗೆ ಒಬ್ಬ ಸ್ಥಳೀಯನನ್ನು ಶನಿವಾರ ಬೆಳಿಗ್ಗೆ ಮನೆಯಿಂದ ಎಬ್ಬಿಸಿ ಹೊರಡಿಸಲೇಬೇಕಿತ್ತು. ಫೋನು, ಮನೆ ಮನೆ ಭೇಟಿ, ಕಾರಿನಲ್ಲಿ ಜಾಗ, ಅಸಲಿ ಕೆಲಸ ಇದೇ ಆಗಿತ್ತು.

ಪಾಲ್ 2007ರಲ್ಲಿ 1,305 ಓಟು ಪಡೆದು ಐದನೆಯವರಾಗಿದ್ದರು. ಅದೇ ವರ್ಷದ ಡಿಸೆಂಬರ್ 16ರಂದು ಅವರ ಬೆಂಬಲಿಗರು ತಾವೇ ಸಂಘಟಿಸಿ ಒಂದೇ ದಿನದಲ್ಲಿ ಸುಮಾರು 60 ಲಕ್ಷ ಡಾಲರ್ ಎತ್ತಿದರು. ಆ ಪಡೆ ಚದುರಲಿಲ್ಲ. 2011ರಲ್ಲಿ 4,671 ಓಟು. ಗೆದ್ದ ಮಿಷೆಲ್ ಬಾಕ್‌ಮನ್‌ಗೆ 4,823. ಬರೀ 152ರ ಅಂತರ, ಮೂರ್ನಾಲ್ಕು ಬಸ್ಸಿನ ಜನ!

ಗೆದ್ದು ಏನಾಯ್ತು ಅಂತೀರಾ? 2012ರ ಜನವರಿಯ ಅಯೋವಾ ಕಾಕಸ್‌ನಲ್ಲಿ (ಪಕ್ಷದ ಅಭ್ಯರ್ಥಿಯನ್ನು ಆರಿಸುವ ಅಸಲಿ ಮತದಾನ) ಬಾಕ್‌ಮನ್ ಆರನೆಯವರಾಗಿ ಕಣದಿಂದಲೇ ಹಿಂದೆ ಸರಿದರು, ಪಾಲ್ ಮೂರನೆಯವರು. 2015ರಲ್ಲಿ ಪಕ್ಷ ಈ ಜಾತ್ರೆಯನ್ನೇ ನಿಲ್ಲಿಸಿತು.