ಊರಿನ ಗೋಮಾಳ, ಕಾನುಗಳನ್ನು ಭೂ ಟ್ರಸ್ಟ್ ಕಟ್ಟಿ ಉಳಿಸಿಕೊಳ್ಳಬಹುದೇ?

ಸಾಗರದ ಬಳಿಯ ನಿಮ್ಮ ಹಳ್ಳಿಯ ಗೋಮಾಳ ಮತ್ತು ಕಾನನ್ನು (ಮಲೆನಾಡಿನ ದಟ್ಟ ನಿತ್ಯಹಸಿರು ಕಾಡು) ಅಮೆರಿಕದ ಮಾದರಿಯ ಭೂ ಟ್ರಸ್ಟ್ ಕಟ್ಟಿ ಉಳಿಸಬಹುದೇ ಎಂದು ಕೇಳಿದ್ದೀರಿ. ಅಲ್ಲಿ ಮಾಲೀಕನು ಜಮೀನನ್ನು ತನ್ನಲ್ಲೇ ಇರಿಸಿಕೊಂಡು, ಅದರಲ್ಲಿ ಕಟ್ಟಡ, ಬಡಾವಣೆ ಮಾಡುವ ಹಕ್ಕನ್ನು ಮಾತ್ರ ಕರಾರಿನ ಮೂಲಕ ಶಾಶ್ವತವಾಗಿ ಬಿಟ್ಟುಕೊಡುತ್ತಾನೆ. ಆ ಕರಾರು ಮುಂದೆ ಕೊಳ್ಳುವವರಿಗೂ ಅನ್ವಯಿಸುತ್ತದೆ, ಅದರ ಪಾಲನೆಯನ್ನು ಟ್ರಸ್ಟ್ ನೋಡಿಕೊಳ್ಳುತ್ತದೆ.

ಮಲೆನಾಡಿನ ಸ್ಥಿತಿ ಬೇರೆ. ಗೋಮಾಳ ಸರ್ಕಾರದ ಭೂಮಿ; ಕಾನುಗಳು ಕೆಲವೆಡೆ ಕಂದಾಯ, ಕೆಲವೆಡೆ ಅರಣ್ಯ ಇಲಾಖೆಯ ವಶದಲ್ಲಿವೆ; ಸೊಪ್ಪಿನಬೆಟ್ಟದಲ್ಲಿ (ಅಡಿಕೆ ತೋಟಕ್ಕೆ ಸೊಪ್ಪು ತರುವ ಗುಡ್ಡಗಾಡು) ತೋಟದವರಿಗೆ ಇರುವುದು ಸೊಪ್ಪು, ಸೌದೆಯಂಥ ಸವಲತ್ತು ಮಾತ್ರ. ಹೀಗೆ ಊರಿನವರು ಮಾಲೀಕರಲ್ಲದ್ದರಿಂದ ಟ್ರಸ್ಟ್‌ಗಿಂತ ಮೊದಲು ದಾಖಲೆ ಮುಖ್ಯ ಎಂಬುದು ನನ್ನ ದೃಢ ಅಭಿಪ್ರಾಯ. ಪಹಣಿಯಲ್ಲಿ ಗೋಮಾಳವೆಂದು ನಮೂದಾಗಿದೆಯೇ ನೋಡಿ, ಸರ್ವೆ ಮಾಡಿಸಿ, ಗಡಿಕಲ್ಲು ಹಾಕಿಸಿ. ಭೂಕಂದಾಯ ನಿಯಮಗಳು 100 ಜಾನುವಾರುಗಳಿಗೆ 12 ಹೆಕ್ಟೇರ್ ಗೋಮಾಳವನ್ನು ನಿಗದಿಪಡಿಸಿವೆ. ಹಳ್ಳಿಗಳ ಸಾರ್ವಜನಿಕ ಭೂಮಿಯ ಒತ್ತುವರಿ ತೆರವಿಗೆ ಯೋಜನೆ ರೂಪಿಸುವಂತೆ ಸುಪ್ರೀಂ ಕೋರ್ಟ್ 2011ರಲ್ಲಿ ಎಲ್ಲ ರಾಜ್ಯಗಳಿಗೆ ನಿರ್ದೇಶಿಸಿದೆ.

ಕಾನಿನ ರಕ್ಷಣೆಗೆ 2002ರ ಜೀವವೈವಿಧ್ಯ ಕಾಯ್ದೆ ಹೆಚ್ಚು ಉಪಯುಕ್ತ. ನಮ್ಮ ಜಿಲ್ಲೆಯ ಅಂಬಾರಗುಡ್ಡ ಪಾರಂಪರಿಕ ತಾಣವಾಗಿರುವುದು ಇದೇ ಕಾಯ್ದೆಯಡಿ. ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯು ಊರಿನ ಸಸ್ಯ, ಪ್ರಾಣಿ, ಜಲಮೂಲಗಳ ದಾಖಲಾತಿಯನ್ನು ಸಿದ್ಧಪಡಿಸಬೇಕು. ನಿಮ್ಮ ಕಾನಿನಲ್ಲಿ ರಾಂಪತ್ರೆ ಜಡ್ಡಿ, ಅಂದರೆ ಕಾಡು ಜಾಯಿಕಾಯಿ ಜಾತಿಯ ಮರಗಳ ಜೌಗು ಕಾಡು, ಇದ್ದರೆ (ಕೆಸರಿನಿಂದ ಮಡಚಿದ ಮೊಣಕಾಲಿನಂತೆ ಮೇಲೆದ್ದ ಬೇರುಗಳೇ ಅದರ ಗುರುತು) ಅದನ್ನು ಮೊದಲು ಬರೆಸಿ, ಏಕೆಂದರೆ ಬೇಸಿಗೆಯಲ್ಲೂ ಅಲ್ಲಿ ಜಿನುಗುವ ನೀರೇ ಕೆಳಗಿನ ಅಡಿಕೆ ತೋಟಗಳಿಗೆ ಹರಿದು ಬರುತ್ತದೆ.